ಬಿಸಿಲಿನ ತಿಂಗಳುಗಳಲ್ಲಿ ಇಳಿದ ಮೈಲೇಜು: ಒಂದು ಡೀಸೆಲ್ ಪಿಕಪ್‌ನ ಪ್ರಕರಣ ಅಧ್ಯಯನ

ದೂರು ಮತ್ತು ಅಳತೆ

ಈ ಪ್ರಕರಣದ ವಾಹನ ನಾಲ್ಕು ಬಾಗಿಲಿನ ಕ್ಯಾಬಿನ್ನೂ ತೆರೆದ ಹಿಂಬದಿಯೂ ಇರುವ, ಎರಡೂವರೆ ಲೀಟರ್ ಸಾಮರ್ಥ್ಯದ ಟರ್ಬೊ ಡೀಸೆಲ್ ಪಿಕಪ್. ಚಾಸಿ ಬೇರೆ, ಬಾಡಿ ಬೇರೆ ಇರುವ ಕಟ್ಟು ಅದರದು. ಎಂಜಿನ್ ಉದ್ದುದ್ದಕ್ಕೆ ಕುಳಿತಿದೆ, ರೇಡಿಯೇಟರಿನ ಫ್ಯಾನು ವಿದ್ಯುತ್ ಮೋಟರಿನಿಂದಲ್ಲದೆ ಬೆಲ್ಟಿನ ಮೂಲಕ ಎಂಜಿನ್ನಿನಿಂದಲೇ ತಿರುಗುತ್ತದೆ. ಈ ಕೊನೆಯ ವಿವರ ಮುಂದೆ ಬಹಳ ಮುಖ್ಯವಾಗುತ್ತದೆ. ಸಾಮಾನು, ಸವಾರರು ಸೇರಿ ಅದರ ತೂಕ ಸುಮಾರು 2,200 ಕಿಲೋ. ಓಟದಲ್ಲಿ ಮೂರರಲ್ಲಿ ಎರಡು ಪಾಲು ಹೆದ್ದಾರಿಯದು, ಉಳಿದ ಒಂದು ಪಾಲು ಊರೊಳಗಿನ ನಿಂತು ನಿಂತು ಸಾಗುವ ಓಡಾಟ.

ಮಾಲೀಕರ ದೂರು ಸರಳವಾಗಿತ್ತು. ತಂಪಿನ ತಿಂಗಳುಗಳಲ್ಲಿ ಲೀಟರಿಗೆ 12.5 ಕಿಲೋಮೀಟರ್ ಕೊಡುತ್ತಿದ್ದ ವಾಹನ, ಮಧ್ಯಾಹ್ನದ ತಾಪಮಾನ 40 ಡಿಗ್ರಿ ಮುಟ್ಟಿದ ಮೇಲೆ 10.4ಕ್ಕೆ ಇಳಿದಿತ್ತು. ದಾರಿ ಬದಲಾಗಿರಲಿಲ್ಲ, ಹೊರೆ ಹೆಚ್ಚಿರಲಿಲ್ಲ, ಓಡಿಸುವ ಕೈಯೂ ಅದೇ. ಎಸಿ ಹಾಕಿದರೆ ಇಷ್ಟು ಹೋಗುವುದು ಸಹಜ ಎಂದು ಒಬ್ಬರು, ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕೆಟ್ಟಿರಬೇಕು ಎಂದು ಇನ್ನೊಬ್ಬರು, ಬಿಸಿಲಿಗೆ ಡೀಸೆಲ್ ಆವಿಯಾಗಿ ಹೋಗುತ್ತದೆ ಎಂದು ಮತ್ತೊಬ್ಬರು ಹೇಳಿದ್ದರು. ಮೂರನೆಯ ಮಾತನ್ನು ಆರಂಭದಲ್ಲೇ ಬದಿಗಿಡಬಹುದು. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗುವ ಇಂಧನವಲ್ಲ, ಮುಚ್ಚಳ ಸರಿಯಾಗಿರುವ ಟ್ಯಾಂಕಿನಿಂದ ಮೈಲೇಜಿನಲ್ಲಿ ಕಾಣುವಷ್ಟು ಹೋಗುವ ಪ್ರಶ್ನೆಯೇ ಇಲ್ಲ.

ಕಾರಣ ಹುಡುಕುವ ಮೊದಲು ಅಳತೆ ನಂಬುವಂಥದ್ದೇ ಎಂದು ನೋಡಬೇಕಾಯಿತು. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸರಾಸರಿಯನ್ನು ಬಿಟ್ಟು, ಟ್ಯಾಂಕ್ ಫುಲ್ ಮಾಡಿಸಿ ಮತ್ತೆ ಫುಲ್ ಮಾಡಿಸುವವರೆಗಿನ ಲೀಟರುಗಳನ್ನು ಓಡೋಮೀಟರಿನ ಅಂತರದೊಂದಿಗೆ ತಾಳೆ ನೋಡಲಾಯಿತು. ಪ್ರತಿ ಸಲ ಅದೇ ಪಂಪು, ನಾಜಲ್ ತಾನಾಗಿ ನಿಂತ ಮೇಲೆ ಮತ್ತೆ ತುಂಬಿಸದಿರುವುದು, ವಾಹನ ಸಮತಟ್ಟಾಗಿ ನಿಂತಿರುವುದು, ಇಷ್ಟನ್ನು ಕಾಪಾಡಿಕೊಂಡರೆ ಹಲವು ಟ್ಯಾಂಕುಗಳ ಸರಾಸರಿಯಲ್ಲಿ ದೋಷ ಸಣ್ಣದಾಗುತ್ತದೆ. ಬಿಸಿಗೆ ಡೀಸೆಲ್ ಹಿಗ್ಗುವುದೂ ನಿಜ, ಆದರೆ ಅದು ಡಿಗ್ರಿಗೆ ಸುಮಾರು ಶೇ. 0.083ರಷ್ಟು. ತುಂಬಿಸುವ ಡೀಸೆಲ್ಲು ಹತ್ತು ಡಿಗ್ರಿ ಹೆಚ್ಚು ಬೆಚ್ಚಗಿದ್ದರೂ ವ್ಯತ್ಯಾಸ ಶೇ. 1ನ್ನು ಮುಟ್ಟುವುದಿಲ್ಲ, ನೆಲದಡಿಯ ಟ್ಯಾಂಕುಗಳಲ್ಲಿರುವ ಇಂಧನದ ತಾಪಮಾನವಂತೂ ಹೊರಗಿನ ಗಾಳಿಯಷ್ಟು ಏರಿಳಿಯುವುದೂ ಇಲ್ಲ. ಇಲ್ಲಿ ಕಾಣೆಯಾಗಿರುವುದು ಶೇ. 17ರಷ್ಟು ಮೈಲೇಜು. ಬೆಳಿಗ್ಗೆ ಬೇಗ ಹೋಗಿ ತುಂಬಿಸಿದರೆ ಲಾಭವೆಂಬ ಸಲಹೆಯಿಂದ ಈ ಕಂದಕ ಮುಚ್ಚುವಂತಿರಲಿಲ್ಲ.

ಲೆಕ್ಕದ ಮಾನವನ್ನೂ ಇಲ್ಲಿ ಬದಲಿಸಿಕೊಳ್ಳುವುದು ಒಳ್ಳೆಯದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಮಾತು ರೂಢಿಯಲ್ಲಿದ್ದರೂ, ಕಾರಣಗಳನ್ನು ಒಂದೊಂದಾಗಿ ಕೂಡಿ ಕಳೆಯುವಾಗ ಅದು ದಾರಿ ತಪ್ಪಿಸುತ್ತದೆ. 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆದರೆ ಪ್ರತಿ ಕಾರಣಕ್ಕೂ ಅದರದೇ ಪಾಲನ್ನು ನೇರವಾಗಿ ಹಂಚಬಹುದು. ಆ ಮಾನದಲ್ಲಿ ತಂಪಿನ ತಿಂಗಳ ಖರ್ಚು 8.0 ಲೀಟರ್, ಬಿಸಿಲಿನ ತಿಂಗಳದ್ದು 9.6 ಲೀಟರ್. ಪ್ರತಿ ನೂರು ಕಿಲೋಮೀಟರಿಗೆ ಹೆಚ್ಚಾಗಿ ಉರಿಯುತ್ತಿದ್ದ 1.6 ಲೀಟರ್ ಎಲ್ಲಿಗೆ ಹೋಗುತ್ತಿತ್ತು ಎಂಬುದು ಪ್ರಶ್ನೆ.

ಬಿಸಿ ಗಾಳಿಯಿಂದ ಆಗಬೇಕಿದ್ದ ಉಳಿತಾಯ

ಬಿಸಿಲು ತಾನಾಗಿಯೇ ಇಂಧನವನ್ನು ತಿನ್ನುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ವಾಸ್ತವ ಅದಕ್ಕೆ ವಿರುದ್ಧವಾಗಿದೆ ಎಂದು ಹೇಳಿದಾಗ ಮಾಲೀಕರು ಮೊದಲಿಗೆ ನಂಬಲಿಲ್ಲ. ಎಸಿ, ಫ್ಯಾನು ಇವುಗಳನ್ನು ಲೆಕ್ಕದಿಂದ ಹೊರಗಿಟ್ಟರೆ ಬಿಸಿಲಿನಲ್ಲಿ ವಾಹನ ಕಡಿಮೆ ಇಂಧನದಲ್ಲಿ ಓಡಬೇಕು.

ಮೊದಲನೆಯದು ಗಾಳಿಯ ತಡೆ. ಸಮುದ್ರಮಟ್ಟದ ಒತ್ತಡದಲ್ಲಿ 18 ಡಿಗ್ರಿಯ ಒಣ ಗಾಳಿ ಘನ ಮೀಟರಿಗೆ ಸುಮಾರು 1.21 ಕಿಲೋ ತೂಗುತ್ತದೆ, 40 ಡಿಗ್ರಿಯಲ್ಲಿ ಸುಮಾರು 1.13. ಗಾಳಿಯ ತಡೆ ಸಾಂದ್ರತೆಯ ನೇರ ಅನುಪಾತದಲ್ಲಿರುವುದರಿಂದ, ಅದೇ ವೇಗದಲ್ಲಿ ಅದು ಶೇ. 7ರಷ್ಟು ಇಳಿಯುತ್ತದೆ. ಎತ್ತರದ ಮೂತಿ, ನೆಟ್ಟಗಿನ ಗಾಜು, ತೆರೆದ ಹಿಂಬದಿ ಇರುವ ಪಿಕಪ್‌ಗೆ ಈ ಲಾಭ ಸಣ್ಣ ಕಾರಿಗೆ ಸಿಗುವುದಕ್ಕಿಂತ ಹೆಚ್ಚು, ಏಕೆಂದರೆ ಅದರ ಖರ್ಚಿನಲ್ಲಿ ಗಾಳಿಗೆ ಹೋಗುವ ಪಾಲೇ ದೊಡ್ಡದು. (ಹಿಂಬದಿಯ ಬಾಗಿಲನ್ನು, ಅಂದರೆ ಟೈಲ್‌ಗೇಟನ್ನು, ಇಳಿಸಿಕೊಂಡು ಓಡಿಸಿದರೆ ಗಾಳಿ ಸಲೀಸಾಗಿ ಹೋಗುತ್ತದೆ ಎಂಬ ಮಾತನ್ನು ಮಾಲೀಕರು ಕೇಳಿದ್ದರು. ಅದು ಹುರುಳಿಲ್ಲದ್ದು. ಮುಚ್ಚಿದ ಟೈಲ್‌ಗೇಟಿನ ಒಳಗೆ ಗಾಳಿ ಸುಳಿಯಾಗಿ ನಿಂತು, ಕ್ಯಾಬಿನ್ ಮೇಲಿಂದ ಬರುವ ಗಾಳಿ ಅದರ ಮೇಲೆಯೇ ಜಾರಿಕೊಂಡು ಹೋಗುತ್ತದೆ. ಗೇಟು ಇಳಿಸಿದರೆ ಆ ವ್ಯವಸ್ಥೆ ಕದಡುತ್ತದೆ.)

ಎರಡನೆಯದು ಟೈರಿನ ಉರುಳು ತಡೆ. ಬೆಚ್ಚಗಾದ ರಬ್ಬರು ಪ್ರತಿ ಸುತ್ತಿನಲ್ಲಿ ಮಡಚಿ ಬಿಚ್ಚಿಕೊಳ್ಳುವಾಗ ಕಡಿಮೆ ಶಕ್ತಿಯನ್ನು ನುಂಗುತ್ತದೆ, ಒಳಗಿನ ಗಾಳಿಯ ಒತ್ತಡವೂ ಏರಿರುತ್ತದೆ. ಮೂರನೆಯದು ಎಣ್ಣೆಗಳು. ಎಂಜಿನ್ ಆಯಿಲ್ ಯಾವ ಕಾಲದಲ್ಲಾದರೂ ತನ್ನ ಕೆಲಸದ ಬಿಸಿಗೆ ಬರುತ್ತದೆ, ಬಿಸಿಲಿನಲ್ಲಿ ಬೇಗ ಬರುತ್ತದೆ ಅಷ್ಟೇ. ಆದರೆ ಹಿಂದಿನ ಆಕ್ಸಲ್ಲಿನಲ್ಲಿ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲು ಮತ್ತು ಗೇರ್‌ಬಾಕ್ಸ್‌ನಲ್ಲಿರುವ ದಪ್ಪ ಎಣ್ಣೆ ತಂಪಿನಲ್ಲಿ ಮೈಲುಗಟ್ಟಲೆ ಓಡಿದರೂ ಪೂರ್ತಿ ತೆಳುವಾಗುವುದಿಲ್ಲ. ಪಿಕಪ್‌ಗಳಲ್ಲಿ ಈ ನಷ್ಟ ಕಡೆಗಣಿಸುವಂಥದ್ದಲ್ಲ.

ಈ ವಾಹನದ ತೂಕ, ಮುಂಭಾಗದ ವಿಸ್ತಾರ ಮತ್ತು ಓಟದ ಸ್ವರೂಪವನ್ನು ಹಿಡಿದು ಲೆಕ್ಕ ಹಾಕಿದರೆ, ಮೂರೂ ಸೇರಿ ನೂರು ಕಿಲೋಮೀಟರಿಗೆ ಸುಮಾರು 0.3 ಲೀಟರ್ ಉಳಿಯಬೇಕು. ಅಂದರೆ ಬಿಸಿಲಿನ ಖರ್ಚು 8.0ರಿಂದ 7.7ಕ್ಕೆ ಇಳಿಯಬೇಕಿತ್ತು. ಅದು 9.6ಕ್ಕೆ ಏರಿದ್ದರಿಂದ ಉತ್ತರ ಹುಡುಕಬೇಕಾದ ಮೊತ್ತ 1.6 ಅಲ್ಲ, 1.9 ಲೀಟರ್.

ಎಂಜಿನ್ನಿನೊಳಗಿನ ದಹನದ ಮೇಲೆ ಬಿಸಿಯ ಪರಿಣಾಮವೇನು ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚು ಜಾಗ ಬೇಕಿಲ್ಲ. ಪೆಟ್ರೋಲ್ ಎಂಜಿನ್ನಾಗಿದ್ದರೆ ಬಿಸಿ ಗಾಳಿಯಿಂದ ನಾಕಿಂಗ್ (ಇಂಧನ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುವುದು) ಹತ್ತಿರವಾಗಿ, ಕಂಪ್ಯೂಟರು ಕಿಡಿಯ ಸಮಯವನ್ನು ತಡಮಾಡಿ, ಭಾರ ಎಳೆಯುವಾಗ ದಕ್ಷತೆ ಇಳಿಯುವ ಸಂಭವವಿತ್ತು. ಸಾಧಾರಣ ಓಟದಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಹೆಚ್ಚು ತೆರೆದುಕೊಳ್ಳುವುದರಿಂದ ಒಂದಿಷ್ಟು ಲಾಭವೂ ಸಿಗುತ್ತಿತ್ತು. ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ. ಗಾಳಿ ತೆಳುವಾದರೆ ಪೂರ್ತಿ ಒತ್ತಿದಾಗಿನ ಎಳೆತ ಸ್ವಲ್ಪ ಕುಂದುತ್ತದೆ, ಸಮವೇಗದ ಓಟದ ಖರ್ಚಿನಲ್ಲಿ ಅದು ಹೆಚ್ಚೇನೂ ಕಾಣಿಸುವುದಿಲ್ಲ. ಇಂಜೆಕ್ಟರುಗಳನ್ನೂ ಪರೀಕ್ಷಿಸಲಾಯಿತು, ದೋಷವಿರಲಿಲ್ಲ. ಬಿಸಿಲಿಗೆ ಕೆಟ್ಟು ತಂಪಿಗೆ ತಾನೇ ಸರಿಹೋಗುವ ಇಂಜೆಕ್ಟರನ್ನು ನಿರೀಕ್ಷಿಸುವುದೂ ಕಷ್ಟ.

ಎಸಿಯ ಖರ್ಚು ಕಿಲೋಮೀಟರಿಗಲ್ಲ, ಗಂಟೆಗೆ

ಎಸಿ ಇಂಧನ ತಿನ್ನುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯಾವಾಗ ಎಷ್ಟು ತಿನ್ನುತ್ತದೆ ಎಂಬಲ್ಲಿ ಅಂದಾಜು ತಪ್ಪುತ್ತದೆ. ಎಸಿಯ ಅನಿಲವನ್ನು ಒತ್ತಿ ತಳ್ಳುವ ಕಂಪ್ರೆಸರಿಗೆ ವಾಹನ ಎಷ್ಟು ದೂರ ಹೋಯಿತೆಂಬುದು ಸಂಬಂಧವಿಲ್ಲ, ಎಷ್ಟು ಹೊತ್ತು ಓಡಿತೆಂಬುದೇ ಲೆಕ್ಕ. ಕ್ಯಾಬಿನ್ನಿನೊಳಕ್ಕೆ ಗಾಜಿನಿಂದಲೂ ಛಾವಣಿಯಿಂದಲೂ ಬಿಸಿ ಹರಿದು ಬರುವುದು ವಾಹನ ನಿಂತಾಗಲೂ ನಿಲ್ಲುವುದಿಲ್ಲ.

ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್, ಅಂದರೆ 10 ಕಿಲೋವ್ಯಾಟ್-ಗಂಟೆ ಶಕ್ತಿಯಿದೆ. ಓಡುತ್ತಿರುವ ಎಂಜಿನ್ನಿನ ಮೇಲೆ ಹೆಚ್ಚುವರಿ ಹೊರೆ ಬಿದ್ದಾಗ ಅದರಲ್ಲಿ ನಾಲ್ಕು ಯೂನಿಟ್ಟಿಗಿಂತ ತುಸು ಕಡಿಮೆ ಕೆಲಸವಾಗಿ ಸಿಗುತ್ತದೆ. ಕಡು ಬಿಸಿಲಿನಲ್ಲಿ ಊರೊಳಗೆ ಓಡುವಾಗ ಕಂಪ್ರೆಸರು ಎರಡರಿಂದ ಎರಡೂವರೆ ಕಿಲೋವ್ಯಾಟ್ ಎಳೆದರೆ ಅದು ಗಂಟೆಗೆ 0.6 ಲೀಟರ್ ಡೀಸೆಲ್. ಊರೊಳಗಿನ ಸರಾಸರಿ ವೇಗ ಈ ವಾಹನದಲ್ಲಿ ಗಂಟೆಗೆ 22 ಕಿಲೋಮೀಟರ್ ಆಸುಪಾಸಿನಲ್ಲಿತ್ತು. ಆ 0.6 ಲೀಟರನ್ನು 22 ಕಿಲೋಮೀಟರಿಗೆ ಹಂಚಿದರೆ ನೂರಕ್ಕೆ 2.7 ಲೀಟರ್ ಆಗುತ್ತದೆ. ಹೆದ್ದಾರಿಯಲ್ಲಿ ಕ್ಯಾಬಿನ್ ಒಮ್ಮೆ ತಂಪಾದ ಮೇಲೆ ಕಂಪ್ರೆಸರು ಬಿಟ್ಟು ಬಿಟ್ಟು ಓಡುವುದರಿಂದ ಗಂಟೆಗೆ ಸುಮಾರು 0.45 ಲೀಟರ್ ಎಂದಿಟ್ಟುಕೊಳ್ಳೋಣ. ಅಲ್ಲಿ ಸರಾಸರಿ ವೇಗ 75 ಇರುವುದರಿಂದ ನೂರಕ್ಕೆ ಬೀಳುವುದು 0.6 ಲೀಟರ್ ಮಾತ್ರ. ಎಸಿ ಅದೇ, ಬಿಸಿಲೂ ಅದೇ, ಆದರೂ ಊರೊಳಗಿನ ಪ್ರತಿ ಕಿಲೋಮೀಟರಿನ ಮೇಲೆ ಬೀಳುವ ಹೊರೆ ಹೆದ್ದಾರಿಯ ನಾಲ್ಕು ಪಟ್ಟಿಗಿಂತ ಹೆಚ್ಚು. ಅಮೆರಿಕದ ಇಂಧನ ಇಲಾಖೆ ಮತ್ತು ಪರಿಸರ ಸಂರಕ್ಷಣಾ ಸಂಸ್ಥೆ, ಕಡು ಬಿಸಿಲಿನಲ್ಲಿ ಎಸಿಯಿಂದ ಸಾಮಾನ್ಯ ವಾಹನದ ಮೈಲೇಜು ಶೇ. 25ಕ್ಕಿಂತಲೂ ಹೆಚ್ಚು ಇಳಿಯಬಹುದು, ಅದರಲ್ಲೂ ಕಿರು ಓಟಗಳಲ್ಲಿ ಎಂದು ಹೇಳುವುದು ಇದೇ ಕಾರಣಕ್ಕೆ. ಆ ದೇಶದಲ್ಲಿ 2008ರ ಮಾದರಿಗಳಿಂದೀಚೆಗೆ ಮೈಲೇಜಿನ ಅಧಿಕೃತ ಅಂಕಿಯನ್ನು ನಿಗದಿಪಡಿಸುವಾಗ 35 ಡಿಗ್ರಿಯಲ್ಲಿ ಎಸಿ ಹಾಕಿ ಓಡಿಸುವ ಪ್ರತ್ಯೇಕ ಪರೀಕ್ಷೆಯನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತಿದೆ.

ಈ ಪಿಕಪ್ ಎರಡೂ ಬಗೆಯ ದಾರಿ ಸೇರಿದ ನೂರು ಕಿಲೋಮೀಟರ್ ಮುಗಿಸಲು ಹೆದ್ದಾರಿಯಲ್ಲಿ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ, ಊರೊಳಗೆ ಒಂದೂವರೆ ಗಂಟೆ ಕಳೆಯುತ್ತಿತ್ತು. ಎರಡನ್ನೂ ಕೂಡಿದರೆ ಎಸಿಯ ಪಾಲು ಸುಮಾರು 1.3 ಲೀಟರ್. ದೊಡ್ಡ ಮೊತ್ತವೇ ಸರಿ, ಆದರೆ 1.9 ಅಲ್ಲ. ಎಸಿ ಹಾಕಿದರೆ ಇಷ್ಟು ಹೋಗುವುದು ಸಹಜ ಎಂಬ ಸಮಾಧಾನದ ಮಾತು ಇಲ್ಲಿಗೆ ನಿಲ್ಲುವುದಿಲ್ಲ.

ಆ 1.3 ಲೀಟರಿನಲ್ಲೂ ಎಲ್ಲವೂ ಅನಿವಾರ್ಯವಾಗಿರಲಿಲ್ಲ. ಎರಡು ಅಭ್ಯಾಸಗಳು ಗಮನಕ್ಕೆ ಬಂದವು. ಬಿಸಿಲಲ್ಲಿ ನಿಲ್ಲಿಸಿದ್ದ ವಾಹನವನ್ನು ಹತ್ತುವ ಮೊದಲು, ಗಾಜುಗಳನ್ನೆಲ್ಲ ಏರಿಸಿಟ್ಟು, ಎಂಜಿನ್ ಚಾಲೂ ಮಾಡಿ, ಎಸಿಯನ್ನು ಪೂರ್ತಿ ತಿರುಗಿಸಿ ಹತ್ತು ಹದಿನೈದು ನಿಮಿಷ ಬಿಡುವುದು ಮೊದಲನೆಯ ಅಭ್ಯಾಸ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಬೇಸಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಂತ ವಾಹನದೊಳಗಿನ ಗಾಳಿ ಸರಾಸರಿ 47 ಡಿಗ್ರಿಯನ್ನೂ ಡ್ಯಾಶ್‌ಬೋರ್ಡು 69 ಡಿಗ್ರಿಯನ್ನೂ ಮುಟ್ಟಿತ್ತು. ನೆರಳಿನಲ್ಲಿ ನಿಂತ ವಾಹನದಲ್ಲಿ ಅವು 38 ಮತ್ತು 48 ಡಿಗ್ರಿ. ಹೊರಗಿನ 40 ಡಿಗ್ರಿಯ ಗಾಳಿ ಒಳಗಿನದ್ದಕ್ಕಿಂತ ತಂಪಾಗಿರುವಾಗ, ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ ಬಿಸಿಯನ್ನು ಪುಕ್ಕಟೆಯಾಗಿ ಹೊರಹಾಕುವುದನ್ನು ಬಿಟ್ಟು, ಅದನ್ನೆಲ್ಲ ಕಂಪ್ರೆಸರಿನ ತಲೆಗೆ ಕಟ್ಟುವುದು ದುಬಾರಿ. ಸಾಲದ್ದಕ್ಕೆ ನಿಂತ ವಾಹನದಲ್ಲಿ, ರೇಡಿಯೇಟರಿನ ಮುಂದೆ ಕುಳಿತು ಎಸಿಯ ಶಾಖವನ್ನು ಹೊರಬಿಡುವ ಕಂಡೆನ್ಸರಿಗೆ ಗಾಳಿಯೂ ಸರಿಯಾಗಿ ಸಿಗುವುದಿಲ್ಲ, ಆದ್ದರಿಂದ ತಂಪಾಗುವುದೂ ನಿಧಾನ. ಸ್ಕ್ಯಾನರ್ ಹಾಕಿ ನೋಡಿದಾಗ ಐಡ್ಲಿಂಗ್‌ನಲ್ಲಿ, ಅಂದರೆ ವಾಹನ ನಿಂತೇ ಎಂಜಿನ್ ಓಡುವಾಗ, ಎಸಿ ಇಲ್ಲದೆ ಗಂಟೆಗೆ 0.7 ಲೀಟರ್, ಎಸಿಯೊಂದಿಗೆ 1.1 ಲೀಟರ್ ಹೋಗುತ್ತಿತ್ತು. ಓಡೋಮೀಟರು ಮಾತ್ರ ಒಂದಿಷ್ಟೂ ಕದಲುತ್ತಿರಲಿಲ್ಲ.

ಎರಡನೆಯದನ್ನು ಅಭ್ಯಾಸ ಎನ್ನುವುದಕ್ಕಿಂತ ಮರೆವು ಎನ್ನಬೇಕು. ಮಳೆಗಾಲದಲ್ಲಿ ಗಾಜಿನ ಮೇಲೆ ಮಂಜು ಕೂರುತ್ತದೆಂದು ಹೊರಗಿನ ಗಾಳಿಯ ಕಡೆಗೆ ಸರಿಸಿದ್ದ ಗುಂಡಿ ಬಿಸಿಲಿನ ತಿಂಗಳಲ್ಲೂ ಅಲ್ಲೇ ಉಳಿದಿತ್ತು. ಬ್ಲೋಯರು ಗಂಟೆಗೆ 250 ಘನ ಮೀಟರ್ ಗಾಳಿ ದೂಡುತ್ತದೆ ಎಂದಿಟ್ಟುಕೊಂಡರೆ, 25 ಡಿಗ್ರಿಯ ಒಳಗಾಳಿಯ ಬದಲು 40 ಡಿಗ್ರಿಯ ಹೊರಗಾಳಿಯನ್ನು ತಂಪು ಮಾಡಲು ಸುಮಾರು 1.2 ಕಿಲೋವ್ಯಾಟ್ ಹೆಚ್ಚು ಶಾಖವನ್ನು ಹೊರಹಾಕಬೇಕಾಗುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಹೆಚ್ಚು. ಕ್ಯಾಬಿನ್ ಒಮ್ಮೆ ತಂಪಾದ ಮೇಲೆ ಒಳಗಾಳಿಯನ್ನೇ ತಿರುಗಿಸುವ ಗುಂಡಿಯನ್ನು ಒತ್ತಿದರೆ ಈ ಖರ್ಚು ತಪ್ಪುತ್ತದೆ. ನಡುನಡುವೆ ಸ್ವಲ್ಪ ಹೊತ್ತು ಹೊಸ ಗಾಳಿ ಬಿಟ್ಟುಕೊಂಡರಾಯಿತು.

ಹೆದ್ದಾರಿಯಲ್ಲಿ ಎಸಿ ನಿಲ್ಲಿಸಿ ಗಾಜು ಇಳಿಸಿದರೆ ಉಳಿತಾಯವಾಗುವುದಿಲ್ಲವೇ ಎಂದು ಮಾಲೀಕರು ಕೇಳಿದ್ದರು. ನಿಧಾನದ ಓಟದಲ್ಲಿ ಆಗುತ್ತದೆ. ವೇಗ ಏರಿದ ಹಾಗೆ ತೆರೆದ ಗಾಜು ತರುವ ಗಾಳಿಯ ತಡೆ ಆ ಉಳಿತಾಯವನ್ನು ಕರಗಿಸುತ್ತ ಹೋಗುತ್ತದೆ. ನೂರಕ್ಕೆ 0.6 ಲೀಟರ್ ಉಳಿಸಲು ಚಾಲಕ ದಿನವಿಡೀ ಬಿಸಿಗಾಳಿಯಲ್ಲಿ ಬೆಂದು ದಣಿಯುವುದು ನನ್ನ ಎಣಿಕೆಯಲ್ಲಿ ಒಳ್ಳೆಯ ವ್ಯಾಪಾರವಲ್ಲ.

ಫ್ಯಾನಿನ ಸದ್ದು

ಎಸಿಯ ಪಾಲನ್ನು ಕಳೆದ ಮೇಲೆ ಉಳಿದ 0.6 ಲೀಟರಿನ ಸುಳಿವು ಸಿಕ್ಕಿದ್ದು ಕಿವಿಗೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಸಮವೇಗದಲ್ಲಿ ಹೋಗುವಾಗ ಮುಂಭಾಗದಿಂದ ಒಂದು ಭೋರೆನ್ನುವ ಸದ್ದು ಬಿಡದೆ ಬರುತ್ತಿತ್ತು. ಎಂಜಿನ್ ವೇಗದೊಂದಿಗೆ ಅದು ಏರಿಳಿಯುತ್ತಿತ್ತು, ಗಾಳಿಯ ಸದ್ದಿನಂತೆ ವಾಹನದ ವೇಗವನ್ನು ಹಿಂಬಾಲಿಸುತ್ತಿರಲಿಲ್ಲ. ಗೇರು ಇಳಿಸಿದೊಡನೆ ವಾಹನದ ವೇಗ ಬದಲಾಗದಿದ್ದರೂ ಸದ್ದು ದೊಡ್ಡದಾಗುತ್ತಿತ್ತು. ಮಾಲೀಕರು ಅದನ್ನು ದಪ್ಪ ಹಲ್ಲಿನ ಟೈರುಗಳ ಸದ್ದು ಎಂದುಕೊಂಡಿದ್ದರು.

ಬೆಲ್ಟಿನಿಂದ ಓಡುವ ಇಂಥ ಫ್ಯಾನು ಎಂಜಿನ್ನಿಗೆ ನೇರವಾಗಿ ಬಿಗಿದುಕೊಂಡಿರುವುದಿಲ್ಲ. ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಒಂದು ಕ್ಲಚ್ ಇರುತ್ತದೆ. ಅದರ ಮುಖದ ಮೇಲೆ ಸುರುಳಿಯಾಗಿ ಸುತ್ತಿದ ಎರಡು ಲೋಹಗಳ ಪಟ್ಟಿಯೊಂದು ರೇಡಿಯೇಟರನ್ನು ದಾಟಿ ಬರುವ ಗಾಳಿಯ ಬಿಸಿಯನ್ನು ಗ್ರಹಿಸುತ್ತದೆ. ಗಾಳಿ ತಂಪಾಗಿದ್ದಾಗ ಎಣ್ಣೆ ಬದಿಯ ಕೋಣೆಯಲ್ಲಿ ಉಳಿದು, ಫ್ಯಾನು ಸೋಮಾರಿಯಾಗಿ ತಿರುಗುತ್ತದೆ. ಗಾಳಿ ಬಿಸಿಯಾದಾಗ ಪಟ್ಟಿ ತಿರುಚಿಕೊಂಡು ಸಣ್ಣ ಕವಾಟವನ್ನು ತೆರೆಯುತ್ತದೆ, ಎಣ್ಣೆ ತೆಳುವಾದ ಸಂದುಗಳೊಳಕ್ಕೆ ಹರಿದು ಫ್ಯಾನನ್ನು ಹಿಡಿದುಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿದ ಒಂದೆರಡು ನಿಮಿಷ ಫ್ಯಾನು ಭೋರೆನ್ನುವುದು ಸಹಜ, ಎಣ್ಣೆ ಮತ್ತೆ ತನ್ನ ಕೋಣೆಗೆ ಮರಳಿದೊಡನೆ ಅದು ಶಾಂತವಾಗುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ, ವೇಗದ ಗಾಳಿ ತಾನಾಗಿ ರೇಡಿಯೇಟರಿಗೆ ನುಗ್ಗುತ್ತಿರುವಾಗ, ಫ್ಯಾನು ಎಡೆಬಿಡದೆ ಹಿಡಿದುಕೊಂಡಿರುವುದು ಸಹಜವಲ್ಲ.

ಇದರ ಬೆಲೆ ಸಣ್ಣದಲ್ಲ. ಫ್ಯಾನು ಎಳೆಯುವ ಶಕ್ತಿ ಅದರ ವೇಗದ ಘನದ ಅನುಪಾತದಲ್ಲಿ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಐಡ್ಲಿಂಗ್‌ನಲ್ಲಿ ಗಣನೆಗೆ ಬಾರದ ಫ್ಯಾನು, ಎಂಜಿನ್ ನಿಮಿಷಕ್ಕೆ 2,000 ಸುತ್ತುಗಳ ಮೇಲೆ ತಿರುಗುವಾಗ ಎರಡೂವರೆ ಕಿಲೋವ್ಯಾಟ್ ಎಳೆಯುವುದು ಹೀಗೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಈ ಪಿಕಪ್ ಗಾಳಿಯ ತಡೆಯನ್ನೂ ಉರುಳು ತಡೆಯನ್ನೂ ಎದುರಿಸಲು ಎಂಜಿನ್ನಿನಿಂದ ಕೇಳುವುದು ಸುಮಾರು 15 ಕಿಲೋವ್ಯಾಟ್. ಅದರ ಆರನೇ ಒಂದು ಪಾಲಿನಷ್ಟನ್ನು ಫ್ಯಾನು ಒಂದೇ ಹೆಚ್ಚುವರಿಯಾಗಿ ಕಬಳಿಸುತ್ತಿತ್ತು. ಹೆದ್ದಾರಿಯಲ್ಲಿ ಕಳೆಯುವ ಹೊತ್ತಿಗೆ ಹಂಚಿ ನೋಡಿದರೆ ನೂರು ಕಿಲೋಮೀಟರಿನ ಒಟ್ಟು ಓಟಕ್ಕೆ ಅರ್ಧ ಲೀಟರಿಗಿಂತ ಕಡಿಮೆಯಾಗುವುದಿಲ್ಲ. ಎಸಿ ಊರೊಳಗೆ ತಿಂದರೆ, ಫ್ಯಾನು ಹೆದ್ದಾರಿಯಲ್ಲಿ ತಿನ್ನುತ್ತಿತ್ತು. ಎಸಿ ನಿಲ್ಲಿಸಿದರೂ ಹೆದ್ದಾರಿಯ ಮೈಲೇಜು ಪೂರ್ತಿ ಮರಳುತ್ತಿಲ್ಲ ಎಂದು ಮಾಲೀಕರು ಹೇಳುತ್ತಿದ್ದ ಗೊಂದಲದ ಮಾತಿಗೆ ಅರ್ಥ ಸಿಕ್ಕಿದ್ದು ಇಲ್ಲಿ.

ಕ್ಲಚ್ಚೇ ಜಾಮ್ ಆಗಿರಬಹುದು ಎಂಬುದು ಮೆಕ್ಯಾನಿಕ್‌ನ ಮೊದಲ ಊಹೆ. ಆದರೆ ಜಾಮ್ ಆದ ಕ್ಲಚ್ಚಿಗೆ ಕಾಲಭೇದವಿಲ್ಲ, ತಂಪಿನ ತಿಂಗಳಲ್ಲೂ ಅದು ಅಷ್ಟೇ ತಿನ್ನಬೇಕಿತ್ತು. ಬೆಳಗಿನ ತಂಪಿನಲ್ಲಿ ಅದೇ ರಸ್ತೆಯಲ್ಲಿ ಓಡಿಸಿದಾಗ ಸದ್ದು ಇರಲಿಲ್ಲ. ಅಂದರೆ ಕ್ಲಚ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು, ಅದನ್ನು ತಲುಪುತ್ತಿದ್ದ ಗಾಳಿಯೇ ಬೇಕಾದದ್ದಕ್ಕಿಂತ ಬಿಸಿಯಾಗಿತ್ತು. ಹೊಸ ಕ್ಲಚ್ ಹಾಕಿಸಿದ್ದರೆ ದುಡ್ಡು ಹೋಗುತ್ತಿತ್ತು, ಸದ್ದು ಅಲ್ಲೇ ಉಳಿಯುತ್ತಿತ್ತು.

ಗ್ರಿಲ್ಲಿನ ಮುಂದೆ ಕುಳಿತು ನೋಡಿದರೆ ಕಂಡೆನ್ಸರು ಚೊಕ್ಕಟವಾಗಿ ಕಾಣುತ್ತಿತ್ತು. ಪ್ರತಿ ಸಲ ವಾಹನ ತೊಳೆಸುವಾಗ ಮುಂದಿನಿಂದ ಜೋರು ಒತ್ತಡದ ನೀರು ಹೊಡೆಸಲಾಗುತ್ತಿತ್ತಂತೆ. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿ, ಕಂಡೆನ್ಸರು ಮತ್ತು ರೇಡಿಯೇಟರಿನ ನಡುವಿನ ಎರಡು ಬೆರಳಿನಷ್ಟು ಸಂದಿನೊಳಗೆ ಟಾರ್ಚ್ ಬಿಟ್ಟಾಗ ಬೇರೆಯೇ ಚಿತ್ರ ಕಂಡಿತು. ರೇಡಿಯೇಟರಿನ ಮುಖದ ಕೆಳಗಿನ ಅರ್ಧಭಾಗವನ್ನು ಧೂಳು, ಹುಲ್ಲಿನ ಬೀಜ, ಕೀಟಗಳ ರೆಕ್ಕೆ, ಎಣ್ಣೆಯ ಜಿಡ್ಡು ಎಲ್ಲವೂ ಹೆಪ್ಪುಗಟ್ಟಿದ ಕಂಬಳಿಯಂಥ ಪದರ ಮುಚ್ಚಿತ್ತು. ಉಗುರಿನಿಂದ ಕೆದಕಿದರೆ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ಮುಂದಿನಿಂದ ಹೊಡೆದ ನೀರು ಕಂಡೆನ್ಸರಿನ ಕಸವನ್ನು ಹೊರಗೆ ತರುವ ಬದಲು ಹಿಂದಕ್ಕೆ ದೂಡಿ ರೇಡಿಯೇಟರಿನ ಮೇಲೆ ಮೆತ್ತಿತ್ತು. ಅದೇ ಒತ್ತಡಕ್ಕೆ ಕಂಡೆನ್ಸರಿನ ತೆಳು ಲೋಹದ ಫಿನ್ನುಗಳು ಅಲ್ಲಲ್ಲಿ ಮಲಗಿಯೂ ಹೋಗಿದ್ದವು. ಗ್ರಿಲ್ಲಿಗೆ ಅಡ್ಡಲಾಗಿ ಕೂರಿಸಿದ್ದ ಉದ್ದನೆಯ ಹೆಚ್ಚುವರಿ ದೀಪದ ಪಟ್ಟಿಯೂ ಗಾಳಿಗೆ ತಡೆಯಾಗಿತ್ತು. ಅಂದಕ್ಕಾಗಿ ಹಾಕಿಸಿದ ಈ ಬಗೆಯ ಸಾಮಾನುಗಳ ಬಗ್ಗೆ ನನಗೆ ಮೊದಲಿನಿಂದಲೂ ಒಲವಿಲ್ಲ.

ಈ ಪದರದ ಹಾನಿ ಫ್ಯಾನಿಗಷ್ಟೇ ಸೀಮಿತವಾಗಿರಲಿಲ್ಲ. ಗಾಳಿ ದಾಟಲು ದಾರಿ ಕಡಿಮೆಯಾದರೆ ಕಂಡೆನ್ಸರಿನೊಳಗಿನ ಅನಿಲ ತನ್ನ ಶಾಖವನ್ನು ಬಿಟ್ಟುಕೊಡಲು ಹೆಚ್ಚು ಬಿಸಿಯಾಗಬೇಕಾಗುತ್ತದೆ, ಒತ್ತಡವೂ ಅದರೊಂದಿಗೆ ಏರುತ್ತದೆ. ಈ ವಾಹನದ ಎಸಿಯಲ್ಲಿದ್ದ ಆರ್-134ಎ ಅನಿಲ 60 ಡಿಗ್ರಿಯಲ್ಲಿ ದ್ರವವಾಗಲು ಸುಮಾರು 17 ಬಾರ್ ಒತ್ತಡ ಬೇಕು, 70 ಡಿಗ್ರಿಗೆ ಸುಮಾರು 21 ಬಾರ್. ಗೇಜು ಹಾಕಿದಾಗ ಹೈ ಸೈಡಿನ, ಅಂದರೆ ಎಸಿಯಲ್ಲಿ ಒತ್ತಡ ಹೆಚ್ಚಿರುವ ಕಡೆಯ, ಮುಳ್ಳು ಮಧ್ಯಾಹ್ನದ ಬಿಸಿಲಿನಲ್ಲಿ ಎರಡನೆಯ ಅಂಕಿಯ ಹತ್ತಿರವೇ ನಿಂತಿತ್ತು. ಕ್ಯಾಬಿನ್ ಗಾಳಿಯನ್ನು ತಂಪು ಮಾಡುವ ಒಳಗಿನ ಕಾಯಿಲ್ 3 ಡಿಗ್ರಿಯಲ್ಲಿದೆ ಎಂದಿಟ್ಟುಕೊಂಡರೆ, ಹೊರಗಿನ ಕಂಡೆನ್ಸರು 60ರ ಬದಲು 70 ಡಿಗ್ರಿಗೆ ಏರಿದಾಗ ಅಷ್ಟೇ ತಂಪಿಗೆ ಬೇಕಾಗುವ ಕೆಲಸ ಸೈದ್ಧಾಂತಿಕ ಲೆಕ್ಕದಲ್ಲೇ ಶೇ. 17ರಷ್ಟು ಹೆಚ್ಚು. ಹೀಗೆ ಬಿಸಿಯಾದ ಕಂಡೆನ್ಸರನ್ನು ದಾಟಿ ಬಂದ ಗಾಳಿಯೇ ಹಿಂದಿನ ರೇಡಿಯೇಟರಿಗೂ ಸಿಗುತ್ತದೆ, ಅದನ್ನೂ ದಾಟಿ ಇನ್ನಷ್ಟು ಬಿಸಿಯಾಗಿ ಫ್ಯಾನಿನ ಲೋಹದ ಪಟ್ಟಿಯನ್ನು ಮುಟ್ಟುತ್ತದೆ. ತಂಪಿನ ತಿಂಗಳಲ್ಲಿ ಕಸ ಅಷ್ಟೇ ಇದ್ದರೂ ಆ ಪಟ್ಟಿ ತಿರುಚಿಕೊಳ್ಳುವ ಮಟ್ಟಕ್ಕೆ ಗಾಳಿ ಬಿಸಿಯಾಗುತ್ತಿರಲಿಲ್ಲ, ಆದ್ದರಿಂದ ದೋಷ ಮರೆಯಲ್ಲೇ ಇತ್ತು. ಡ್ಯಾಶ್‌ಬೋರ್ಡಿನ ತಾಪಮಾನದ ಮುಳ್ಳು ಬಿಸಿಲಿನಲ್ಲೂ ಮಧ್ಯದಿಂದ ಅಲುಗದಿದ್ದದ್ದು ಫ್ಯಾನು ಅಷ್ಟು ದುಡಿಯುತ್ತಿದ್ದುದರಿಂದಲೇ. ಮುಳ್ಳು ನೆಟ್ಟಗಿದೆಯೆಂದು ಎಲ್ಲರೂ ರೇಡಿಯೇಟರನ್ನು ಅನುಮಾನದಿಂದ ಹೊರಗಿಟ್ಟಿದ್ದರು.

ಇಳಿಸಿದ ಟೈರಿನ ಗಾಳಿ

ಉಳಿದ ಸಣ್ಣ ಪಾಲು ಟೈರುಗಳದು. ಬಿಸಿಲಿಗೆ ಟೈರು ಸಿಡಿಯುತ್ತದೆಂಬ ಭಯದಿಂದ ಮಧ್ಯಾಹ್ನದ ಓಟದ ನಡುವೆ ಗಾಳಿ ಇಳಿಸುವ ರೂಢಿ ಈ ಮಾಲೀಕರಿಗೂ ಇತ್ತು. ಬಾಗಿಲಿನ ಬಳಿ ಅಂಟಿಸಿದ ಚೀಟಿಯಲ್ಲಿ ಬರೆದ ಒತ್ತಡ ತಣ್ಣಗಿರುವ ಟೈರಿನದು. ಬೆಳಿಗ್ಗೆ 25 ಡಿಗ್ರಿಯಲ್ಲಿ 35 ಪಿಎಸ್‌ಐ ಇದ್ದ ಟೈರಿನೊಳಗಿನ ಗಾಳಿ ಓಟಕ್ಕೂ ರಸ್ತೆಯ ಕಾವಿಗೂ 60 ಡಿಗ್ರಿಗೆ ಏರಿದರೆ ಗೇಜು 41ರ ಹತ್ತಿರ ತೋರಿಸುತ್ತದೆ, ಟೈರು ತಯಾರಾಗುವಾಗಲೇ ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಅದನ್ನು ಆಗಲೇ 35ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ಅದೇ ಟೈರಿನಲ್ಲಿ ಉಳಿಯುವುದು 30. ಕಡಿಮೆ ಗಾಳಿಯ ಟೈರು ಹೆಚ್ಚು ಮಡಚಿಕೊಂಡು ಇನ್ನಷ್ಟು ಬಿಸಿಯಾಗುವುದರಿಂದ, ಯಾವ ಅಪಾಯಕ್ಕೆ ಹೆದರಿ ಗಾಳಿ ಇಳಿಸಿದರೋ ಅದೇ ಅಪಾಯ ಹತ್ತಿರವಾಗುತ್ತದೆ. ಇಂಧನದ ಮಟ್ಟಿಗೆ, ನಾಲ್ಕೂ ಟೈರುಗಳ ಸರಾಸರಿ ಒತ್ತಡ ಒಂದು ಪಿಎಸ್‌ಐ ಇಳಿದರೆ ಮೈಲೇಜು ಸುಮಾರು ಶೇ. 0.2 ಇಳಿಯುತ್ತದೆ ಎಂಬ ಒಪ್ಪಿತ ಅಂದಾಜಿನಂತೆ, ಐದು ಪಿಎಸ್‌ಐಗೆ ಶೇ. 1, ಅಂದರೆ ಇಲ್ಲಿ 0.1 ಲೀಟರ್. ಅಲ್ಲಿಗೆ 1.3, 0.5, 0.1 ಕೂಡಿ 1.9ರ ಲೆಕ್ಕ ತಾಳೆಯಾಯಿತು.

ಮಾಡಿದ ಕೆಲಸ ಮತ್ತು ನಂತರದ ಅಂಕಿಗಳು

ದುರಸ್ತಿಯಲ್ಲಿ ಹೊಸ ಭಾಗವೆಂದರೆ ಕ್ಯಾಬಿನ್ ಫಿಲ್ಟರ್ ಒಂದೇ. ಎಸಿ ಅನಿಲವನ್ನು ತೆಗೆಯದೆ, ಕಂಡೆನ್ಸರಿನ ಮೇಲಿನ ಬೋಲ್ಟುಗಳನ್ನು ಬಿಚ್ಚಿ ಅದನ್ನು ಪೈಪುಗಳ ಮೇಲೆ ಒತ್ತಡ ಬೀಳದಷ್ಟು ಮುಂದಕ್ಕೆ ಬಾಗಿಸಿ, ಸೋಪಿನ ದ್ರಾವಣದಲ್ಲಿ ಜಿಡ್ಡನ್ನು ನೆನೆಸಿ, ಸಾಮಾನ್ಯ ನಲ್ಲಿಯ ಒತ್ತಡದ ನೀರನ್ನು ಹಿಂದಿನಿಂದ ಮುಂದಕ್ಕೆ ಹರಿಯುವಂತೆ ಬಿಡಲಾಯಿತು. ಮಲಗಿದ ಫಿನ್ನುಗಳನ್ನು ಬಾಚಣಿಗೆಯಂಥ ಉಪಕರಣದಿಂದ ಎಬ್ಬಿಸಲಾಯಿತು. ನೀರು ತಿಳಿಯಾಗಿ ಹೊರಬರುವ ಹೊತ್ತಿಗೆ ಅರ್ಧ ದಿನ ಹಿಡಿಯಿತು. ದೀಪದ ಪಟ್ಟಿಯನ್ನು ಗ್ರಿಲ್ಲಿನಿಂದ ತೆಗೆಸಲಾಯಿತು, ಟೈರುಗಳಿಗೆ ಬೆಳಗಿನ ತಂಪಿನಲ್ಲಿ ಗಾಳಿ ಹೊಡೆಸುವುದು ಶುರುವಾಯಿತು, ಒಳಗಾಳಿಯ ಗುಂಡಿ ತನ್ನ ಜಾಗಕ್ಕೆ ಮರಳಿತು.

ಮರುದಿನ ಮಧ್ಯಾಹ್ನದ ಬಿಸಿಲಿನಲ್ಲೇ ಹೆದ್ದಾರಿಗೆ ಹೋದಾಗ ಭೋರೆನ್ನುವ ಸದ್ದು ಇರಲಿಲ್ಲ. ಊರೊಳಗಿನ ದಟ್ಟಣೆಯಲ್ಲಿ ಆಗಾಗ ಕೇಳಿ ಬಂದು ನಿಲ್ಲುತ್ತಿತ್ತು, ಅದು ಹಾಗೆಯೇ ಇರಬೇಕಾದದ್ದು. ಹೈ ಸೈಡಿನ ಒತ್ತಡ 17 ಬಾರಿನ ಸುತ್ತಮುತ್ತಲಿಗೆ ಇಳಿಯಿತು. ಮುಂದಿನ ಟ್ಯಾಂಕುಗಳ ಸರಾಸರಿ, ಬಿಸಿಲು ಹಾಗೆಯೇ ಇರುವಾಗ, ನೂರಕ್ಕೆ 8.8 ಲೀಟರ್ ಬಂತು: ಲೀಟರಿಗೆ 11.4 ಕಿಲೋಮೀಟರ್. ಫ್ಯಾನಿನ ಪಾಲು 0.5ರಿಂದ 0.1ಕ್ಕೆ ಇಳಿಯಿತು, ಎಸಿಯದು 1.3ರಿಂದ 1.0ಕ್ಕೆ, ಟೈರಿನ 0.1 ಪೂರ್ತಿ ಹೋಯಿತು ಎಂದು ಹಂಚಿದರೆ ಈ ಅಂಕಿ ಸರಿಹೊಂದುತ್ತದೆ.

ತಂಪಿನ ತಿಂಗಳ 12.5 ಬಿಸಿಲಿನಲ್ಲಿ ಮರಳಿ ಬರಲಿಲ್ಲ, ಬರುವುದೂ ಇಲ್ಲ. ನೂರಕ್ಕೆ ಒಂದು ಲೀಟರ್ ಎಸಿಗೆ ಕೊಟ್ಟೇ ಓಡಬೇಕು, ಅದರಲ್ಲಿ ಮೂರನೇ ಒಂದು ಪಾಲನ್ನು ತೆಳುವಾದ ಗಾಳಿಯೂ ಬೆಚ್ಚಗಿನ ಟೈರೂ ಮರಳಿಸುತ್ತವೆ. ಇನ್ನೂ ಇಳಿಸಬೇಕಿದ್ದರೆ ಉಳಿದಿರುವ ದಾರಿ ಊರೊಳಗೆ ಎಂಜಿನ್ ಚಾಲೂ ಇಟ್ಟು ಕಾಯುವ ಹೊತ್ತನ್ನು ಕಡಿಮೆ ಮಾಡುವುದು. ಸಾಮಾನು ಇಳಿಸುವವರೆಗೆ ಎಸಿಯಲ್ಲಿ ಕುಳಿತಿರುವ ರೂಢಿಯನ್ನು ಬಿಡಲು ಮಾಲೀಕರು ಇನ್ನೂ ಮನಸ್ಸು ಮಾಡಿಲ್ಲ. ಪ್ರತಿ ಬೇಸಗೆಯ ಮುನ್ನ ಮೇಲಿನ ಹೊದಿಕೆ ಬಿಚ್ಚಿ ಆ ಎರಡು ಬೆರಳಿನ ಸಂದನ್ನು ಟಾರ್ಚ್ ಹಿಡಿದು ನೋಡುವುದನ್ನು ಮಾತ್ರ ಅವರು ಸರ್ವಿಸ್ ಪಟ್ಟಿಗೆ ಸೇರಿಸಿಕೊಂಡಿದ್ದಾರೆ.